ಸಾಮಾನ್ಯ ವಾಚಕರಿಗೆ ಎರಡು ಇತಿಹಾಸಗ್ರಂಥಗಳು

ಶಾಸನ, ಉತ್ಖನನ, ವಂಶವಾಹಿ ಮೊದಲಾದವುಗಳನ್ನು ಕುರಿತು ವಿದ್ವಾಂಸರು ಬರೆದುದನ್ನು ವಿದ್ವಾಂಸರೇ ಓದುವುದು ವಾಡಿಕೆ. ಸಾಮಾನ್ಯ ವಾಚಕನ ಪಾಲಿಗೆ ಉಳಿಯುವುದು ಕರ್ಣಪರಂಪರೆ, ಇಲ್ಲವೆ ಅಭಿಮಾನಕ್ಕೆ ಹಿತವಾದ ಕಥೆ. ಈ ಕೊರತೆಯನ್ನು ನೀಗುವ ಗ್ರಂಥವೊಂದನ್ನು ಅವನಿಗೆ ಸೂಚಿಸುವವರು ದೊಡ್ಡ ಹೊಣೆಯನ್ನೇ ಹೊತ್ತಂತೆ. ವಿದ್ವಾಂಸನು ದೋಷವನ್ನು ತಾನೇ ಕಂಡುಕೊಂಡಾನು. ಸಾಮಾನ್ಯ ವಾಚಕನಾದರೋ ಗ್ರಂಥಕರ್ತನನ್ನು ಆಪ್ತನೆಂದು ನಂಬಿಯೇ ಓದುತ್ತಾನೆ. ಆದಕಾರಣ ಮೊದಲು ಪರೀಕ್ಷಿಸಬೇಕಾದುದು ಶೈಲಿಯ ಸೊಗಸನ್ನಲ್ಲ. ಪ್ರಮಾಣವು ಎಲ್ಲಿ ಮುಗಿದು ಊಹೆಯು ಎಲ್ಲಿ ತೊಡಗುವುದೆಂಬುದು ಓದುವವನಿಗೆ ಕಾಣುವಂತಿದೆಯೇ ಎಂಬುದನ್ನು. ಇಂಗ್ಲಿಷಿನಲ್ಲಿ ಇತ್ತೀಚೆಗೆ ಪ್ರಕಟವಾದ ಎರಡು ಗ್ರಂಥಗಳನ್ನು ಈ ದೃಷ್ಟಿಯಿಂದ ವಿಚಾರಿಸಬಹುದು.

ಮೊದಲನೆಯದು ಟೋನಿ ಜೋಸೆಫರ ‘ಅರ್ಲಿ ಇಂಡಿಯನ್ಸ್’ (2018). ಸುಮಾರು 65,000 ವರ್ಷಗಳ ಹಿಂದೆ ಆಫ್ರಿಕದಿಂದ ಬಂದ ಮಾನವರು ಮೊದಲ್ಗೊಂಡು, ಮಧ್ಯ ಏಷ್ಯದ ಹುಲ್ಲುಗಾವಲುಗಳ ಪಶುಪಾಲಕರೂ ಸೇರಿದಂತೆ, ಹಲವು ವಲಸೆಗಳಿಂದ ಭಾರತೀಯ ಜನತೆ ರೂಪುಗೊಂಡಿತೆಂಬುದು ಇದರ ಪ್ರತಿಪಾದನೆ. ಪ್ರಾಚೀನ ಅಸ್ಥಿಗಳ ಡಿ.ಎನ್.ಎ. ಪರೀಕ್ಷೆಯಂತಹ ಕಠಿನ ವಿಷಯವನ್ನು ಪರಿಭಾಷೆಯ ತೊಡಕಿಲ್ಲದೆ ತಿಳಿಸಿರುವುದು ಶ್ಲಾಘ್ಯವಾಗಿದೆ. ಆದರೆ ಹರಪ್ಪದ ಜನರ ಪೂರ್ವಿಕರಲ್ಲಿ ಇರಾನಿನ ಜಾಗ್ರೋಸ್ ಪ್ರದೇಶದ ಕೃಷಿಕರೂ ಇದ್ದರೆಂಬ ಅಂಶವು ಮರುವರ್ಷವೇ ತಿದ್ದುಪಡಿಯನ್ನು ಬೇಡಿತು. ರಾಖೀಗಢಿಯಲ್ಲಿ ದೊರೆತ ಓರ್ವ ಸ್ತ್ರೀಯ ಅಸ್ಥಿಯ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರಂತೆ, ಆ ಇರಾನೀ ಸಂಬಂಧದ ವಂಶಧಾರೆಯು ಅಲ್ಲಿ ಕೃಷಿ ತಲೆದೋರುವುದಕ್ಕೆ ಮೊದಲೇ ಕವಲೊಡೆದಿತ್ತು. ಹುಲ್ಲುಗಾವಲಿನ ಪಶುಪಾಲಕರ ಅಂಶವು ಆಕೆಯಲ್ಲಿ ಕಾಣದಿರುವುದಾದರೋ ಗ್ರಂಥದ ಮತ್ತೊಂದು ಮುಖ್ಯ ವಾದಕ್ಕೆ ಪೋಷಕವಾಗಿಯೇ ಇದೆ. ಹೊಸ ಪ್ರಮಾಣ ಬಂದೊಡನೆ ಒಂದು ಮಾತು ಸಡಿಲುವುದೂ ಇನ್ನೊಂದು ಗಟ್ಟಿಯಾಗುವುದೂ ಶಾಸ್ತ್ರದ ಸ್ವಭಾವ. ಇದನ್ನು ತಿಳಿಸದೆ ಈ ಗ್ರಂಥವನ್ನು ಕೈಗೆ ಕೊಡುವುದು ಉಚಿತವಲ್ಲ.

ಎರಡನೆಯದು ಅನಿರುದ್ಧ ಕನಿಸೆಟ್ಟಿಯವರ ‘ಲಾರ್ಡ್ಸ್ ಆಫ್ ದ ಡೆಕ್ಕನ್’ (2022). ವಾತಾಪಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಇವರ ವೃತ್ತಾಂತವನ್ನು ಚೋಳರ ಏಳಿಗೆಯವರೆಗೆ ಇದು ನಿರೂಪಿಸುತ್ತದೆ. ಉತ್ತರದ ಸಾಮ್ರಾಜ್ಯಗಳ ಚರಿತ್ರೆಯೇ ಭಾರತದ ಚರಿತ್ರೆಯೆಂದು ಬಗೆದವರಿಗೆ ಇದು ಕಣ್ದೆರೆಸುವಂತಹುದು. ರಾಜರನ್ನು ಹೊಗಳುವ ಪ್ರಶಸ್ತಿಗಳು ಅಧಿಕಾರವನ್ನು ಸಾರುವ ಸಾಧನಗಳೂ ಆಗಿದ್ದವೆಂಬ ವಿವೇಕ ಇದರಲ್ಲಿದೆ. ಆದರೂ ಕಥನದ ರಭಸದಲ್ಲಿ ದೃಶ್ಯಗಳನ್ನು ಕಲ್ಪನೆಯಿಂದ ತುಂಬುವ ಶೈಲಿಯು ಎಚ್ಚರಿಕೆಯನ್ನು ಬೇಡುತ್ತದೆ. ಐಹೊಳೆಯ ಮೇಗುತಿ ಜಿನಾಲಯದಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಬರೆದಿರಿಸಿದ ಶಾಸನವು ಇಮ್ಮಡಿ ಪುಲಿಕೇಶಿಯು ಹರ್ಷನನ್ನು ಸೋಲಿಸಿದುದನ್ನು ಹೇಳುತ್ತದೆ. ಅಲ್ಲಿ ಕವಿಯು ಹರ್ಷನ ಹೆಸರಿನ ಮೇಲೆ ಶ್ಲೇಷೆಯನ್ನೂ ಆಡಿದ್ದಾನೆ. ಸೋಲು ಇತಿಹಾಸ, ಶ್ಲೇಷೆ ಕಾವ್ಯ, ಸೋತವನ ಮುಖಭಾವವು ಎರಡರಲ್ಲೊಂದೂ ಅಲ್ಲ.

ಈ ಎಚ್ಚರಿಕೆಗಳಿಂದ ಗ್ರಂಥಗಳ ಬೆಲೆ ಕುಂದದು. ಎರಡೂ ಓದತಕ್ಕವು, ಕನ್ನಡಿಗರು ಎರಡನೆಯದನ್ನೇ ಮೊದಲು ಓದುವುದು ಲೇಸು. ಅದರಲ್ಲಿ ಹೇಳಿದ ಐಹೊಳೆ ಬಾದಾಮಿಗಳು ನೋಡಸಿಗುವ ಊರುಗಳು. ರವಿಕೀರ್ತಿಯ ಶಾಸನವು ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಅನುವಾದಸಹಿತವಾಗಿ ಅಚ್ಚಾಗಿದೆ. ಗ್ರಂಥವನ್ನು ಮುಚ್ಚಿದ ಬಳಿಕ ವಾಚಕನು ಆ ಕಲ್ಲಿನ ಬಳಿಗೆ ಹೋಗಬೇಕೆನಿಸಿದರೆ, ಗ್ರಂಥಕರ್ತನ ಶ್ರಮವೂ ಸೂಚಿಸಿದವರ ಹೊಣೆಯೂ ಸಾರ್ಥಕವಾದಂತೆ.