ಮೇಷ್ಟ್ರ ಕೈಗೆ ಕಂಪ್ಯೂಟರ್: ಶಿಕ್ಷಕರ ತಂತ್ರಜ್ಞಾನ ಕಲಿಕೆಯ ಒಂದು ವಿಮರ್ಶೆ

ಕೇಂದ್ರ ಸರ್ಕಾರ 2004ರ ಡಿಸೆಂಬರ್‌ನಲ್ಲಿ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಶುರು ಮಾಡಿದ ಮೇಲೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿಗಳು ಹಂತಹಂತವಾಗಿ ಬಂದವು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಇದಕ್ಕೆ ಹಿಡಿದದ್ದು ‘ಬೂಟ್’ ಪದ್ಧತಿಯ ದಾರಿ. ಖಾಸಗಿ ಸಂಸ್ಥೆಯೊಂದು ಯಂತ್ರಗಳನ್ನು ತಂದು ಜೋಡಿಸುತ್ತದೆ, ತನ್ನದೇ ಬೋಧಕರನ್ನು ನೇಮಿಸಿ ಕೊಠಡಿ ನಡೆಸುತ್ತದೆ, ಸಾಮಾನ್ಯವಾಗಿ ಐದು ವರ್ಷದ ಗುತ್ತಿಗೆ ಮುಗಿದಾಗ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೊರಡುತ್ತದೆ. ಕಡತದಲ್ಲಿ ನೋಡಿದರೆ ಇದು ಅಚ್ಚುಕಟ್ಟಾದ ಏರ್ಪಾಡು. ಆದರೆ ಆ ಐದು ವರ್ಷವೂ ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರ್ ಪಕ್ಕದ ಕೊಠಡಿಯಲ್ಲಿ ಎಂದಿನಂತೆ ಸೀಮೆಸುಣ್ಣ ಹಿಡಿದು ನಿಂತಿದ್ದರು. ಕಂಪ್ಯೂಟರ್ ಎಂದರೆ ಬೇರೆಯೇ ಒಂದು ವಿಷಯ, ಅದಕ್ಕೆ ಬೇರೆಯೇ ಒಬ್ಬರಿದ್ದಾರೆ ಎಂಬ ಭಾವನೆ ಬೇರೂರಿತು. ಗುತ್ತಿಗೆಯ ಬೋಧಕ ಹೋದಾಗ ಆತನ ಅರಿವೂ ಜೊತೆಯಲ್ಲೇ ಹೋಯಿತು. ಎಷ್ಟೋ ಶಾಲೆಗಳಲ್ಲಿ ಉಳಿದದ್ದು ಯಂತ್ರ ಮತ್ತು ಬಾಗಿಲಿಗೆ ಬೀಗ. ಈ ಅನುಭವದಿಂದ ನಾವು ಕಲಿಯಬೇಕಾದ ಪಾಠ ಒಂದೇ: ಶಾಲೆಯ ತಂತ್ರಜ್ಞಾನವನ್ನು ಯಂತ್ರಗಳ ಎಣಿಕೆಯಿಂದ ಅಳೆಯಲಾಗದು. ದಿನವೂ ಪಾಠ ಮಾಡುವ ಶಿಕ್ಷಕರು ತಮ್ಮ ಪಾಠಕ್ಕೆ ಬೇಕಾದ್ದನ್ನು ತಾವೇ ಮಾಡಿಕೊಳ್ಳಬಲ್ಲರೇ, ತಮ್ಮ ಮಕ್ಕಳಿಗೆ ತಕ್ಕಂತೆ ಬದಲಿಸಬಲ್ಲರೇ ಎಂಬುದೇ ಸರಿಯಾದ ಅಳತೆಗೋಲು.

ಈ ಅಳತೆಗೋಲು ಹಿಡಿದು ನೋಡಿದರೆ, ರಾಜ್ಯದಲ್ಲಿ ನಡೆದ ಪ್ರಯತ್ನಗಳಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ ಎದ್ದು ಕಾಣುತ್ತದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಅಡಿಯಲ್ಲಿ, 2011ರ ಸುಮಾರಿಗೆ ಇದನ್ನು ಕೈಗೆತ್ತಿಕೊಂಡಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರೂ ಅಲ್ಲಿ ಮುಖ್ಯವಾಗಿದ್ದು ಅವರವರ ವಿಷಯವೇ. ಉಬುಂಟುವಿನಂಥ ಮುಕ್ತ ತಂತ್ರಾಂಶ ಬಳಸಿದ್ದರಿಂದ ಪರವಾನಗಿಯ ಖರ್ಚಿರಲಿಲ್ಲ, ಮನೆಯ ಕಂಪ್ಯೂಟರಿಗೂ ಅದನ್ನು ಹಾಕಿಕೊಳ್ಳಬಹುದಿತ್ತು. ಮುಂದೆ ಇದೇ ಬಳಗದಿಂದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಸಂಗ್ರಹ ಬೆಳೆಯಿತು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ಇದೂ ನಿಂತಿದೆ. ಇದರಲ್ಲಿರುವ ಪಾಠಸಾಮಗ್ರಿಯನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಮತ್ತೆ ಹಂಚಬಹುದು. ಪಠ್ಯಪುಸ್ತಕ ಮೇಲಿನಿಂದ ಬರುತ್ತದೆ, ಶಿಕ್ಷಕರು ಅದನ್ನು ಒಪ್ಪಿಸುತ್ತಾರೆ ಎಂಬ ಹಳೆಯ ರೂಢಿಗೆ ಇದು ದೊಡ್ಡ ಪಲ್ಲಟ. ಕೇರಳದ ಅನುಭವವೂ ಇದಕ್ಕೆ ಪುಷ್ಟಿ ಕೊಡುತ್ತದೆ. ಅಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಶಾಲೆಯ ಶಿಕ್ಷಕರಲ್ಲೇ ಮಾಸ್ಟರ್ ಟ್ರೈನರ್‌ಗಳನ್ನು ಬೆಳೆಸಿತು, ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿ ನೆಲೆ ನಿಂತಿತು. ಅರಿವು ಶಾಲೆಯೊಳಗಿನವರ ಕೈಯಲ್ಲಿದ್ದರೆ ಗುತ್ತಿಗೆ ಮುಗಿಯುವ ಪ್ರಶ್ನೆಯೇ ಬರುವುದಿಲ್ಲ.

ತಾನೇ ಮಾಡಿಕೊಳ್ಳುವುದಕ್ಕೂ ಸಿದ್ಧವಾದದ್ದನ್ನು ತೋರಿಸುವುದಕ್ಕೂ ಇರುವ ಅಂತರ ಒಂದು ಸಣ್ಣ ಪಾಠದಲ್ಲಿ ಸ್ಪಷ್ಟವಾಗುತ್ತದೆ. ತ್ರಿಭುಜದ ಮೂರು ಒಳಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ವಿಡಿಯೊದಲ್ಲಿ ಚೆಂದವಾಗಿ ತೋರಿಸಬಹುದು. ಮಕ್ಕಳು ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಅದೇ ಪಾಠವನ್ನು ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಶಿಕ್ಷಕಿಯೇ ಕಟ್ಟಿದರೆ ತ್ರಿಭುಜದ ತುದಿ ಹಿಡಿದು ಎಳೆದಂತೆಲ್ಲ ಕೋನಗಳ ಅಂಕಿ ಬದಲಾಗುತ್ತದೆ. ಈಗ, ದಶಮಾಂಶ ಬೇಡವೆಂದು ಪೂರ್ಣಸಂಖ್ಯೆಗಳನ್ನಷ್ಟೇ ತೋರಿಸುವಂತೆ ಹೊಂದಿಸಿದ್ದಾರೆ ಎನ್ನಿ. ಪರದೆಯ ಮೇಲೆ 51, 61, 69 ಎಂದು ಬರುತ್ತದೆ. ಕೂಡಿದರೆ 181! ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿಯೇ ಎತ್ತುತ್ತಾಳೆ. ಸಿದ್ಧ ಸಾಮಗ್ರಿಯನ್ನು ಒತ್ತಿ ತೋರಿಸುವುದಷ್ಟೇ ಗೊತ್ತಿದ್ದರೆ ಈ ಕ್ಷಣ ಮುಜುಗರದ್ದು, ‘ಕಂಪ್ಯೂಟರ್ ತಪ್ಪು ತೋರಿಸ್ತಿದೆ’ ಎಂದು ಮುಂದೆ ಹೋಗಬೇಕಾಗುತ್ತದೆ. ತಾನೇ ಕಟ್ಟಿದ ಶಿಕ್ಷಕಿಗೆ ಇದು ದಿನದ ಅತ್ಯುತ್ತಮ ಕ್ಷಣ. ಆಕೆ ಹೊಂದಿಕೆ ಬದಲಿಸಿ ದಶಮಾಂಶವನ್ನು ತೆರೆದು ತೋರಿಸುತ್ತಾಳೆ: 50.6, 60.7, 68.7. ಮೊತ್ತ ಸರಿಯಾಗಿ 180. ಮೂರನ್ನೂ ಹತ್ತಿರದ ಪೂರ್ಣಸಂಖ್ಯೆಗೆ ಏರಿಸಿದ್ದರಿಂದ ಒಂದು ಡಿಗ್ರಿ ಹೆಚ್ಚಾಯಿತು ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಎಷ್ಟು ಬಾರಿ ಎಳೆದು ನೋಡಿದರೂ ಅದು ಸಾಧನೆ ಆಗುವುದಿಲ್ಲ, ಸಾಧಿಸಲು ಸಮಾಂತರ ರೇಖೆಯೇ ಬೇಕು ಎಂಬ ಇನ್ನೂ ದೊಡ್ಡ ಮಾತಿಗೂ ಅಲ್ಲಿಂದ ದಾರಿ ತೆರೆಯುತ್ತದೆ. ಇಲ್ಲಿ ಕೆಲಸ ಮಾಡಿದ್ದು ಗಣಿತದ ಅರಿವು, ಮಕ್ಕಳು ಎಲ್ಲಿ ಎಡವುತ್ತಾರೆಂಬ ಅರಿವು, ಉಪಕರಣದ ಅರಿವು ಮೂರೂ ಸೇರಿ. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ‘ಟಿಪ್ಯಾಕ್’ ಎಂಬ ಚೌಕಟ್ಟಿನಲ್ಲಿ ವಿವರಿಸಿದ್ದು ಈ ಕೂಡಿಕೆಯನ್ನೇ. ಮೂರನ್ನು ಬೇರೆ ಬೇರೆಯಾಗಿ ಕಲಿಸಿದರೆ ಅವು ತಾವಾಗಿ ಕೂಡಿಕೊಳ್ಳುವುದಿಲ್ಲ.

ಇಂಥ ಅರಿವಿಗೆ ಭಾಷೆಯದೂ ಒಂದು ಮುಖವಿದೆ. ಕನ್ನಡ ಮಾಧ್ಯಮದ ಶಿಕ್ಷಕರೊಬ್ಬರು ಹಳೆಯ ನುಡಿ ಫಾಂಟಿನಲ್ಲಿ ಕಷ್ಟಪಟ್ಟು ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡಿ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ. ದೋಷ ಟೈಪು ಮಾಡಿದವರದ್ದಲ್ಲ, ಸಂಕೇತ ಪದ್ಧತಿಯದ್ದು. ಯುನಿಕೋಡ್‌ನಲ್ಲಿ ಬರೆದರೆ ಆ ಬರಹ ಯಾವ ಫೋನಿನಲ್ಲೂ ತೆರೆಯುತ್ತದೆ, ಹುಡುಕಿದರೆ ಸಿಗುತ್ತದೆ, ಇನ್ನೊಬ್ಬರು ತಿದ್ದಬಹುದು. ತರಬೇತಿಯಲ್ಲಿ ಅರ್ಧ ದಿನದಲ್ಲಿ ತಿಳಿಸಬಹುದಾದ ಈ ಒಂದು ಸಂಗತಿ, ಹತ್ತು ದಿನದ ಪವರ್‌ಪಾಯಿಂಟ್ ಅಭ್ಯಾಸಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಶಿಕ್ಷಕರು ಬರೆದದ್ದು ಅವರ ಶಾಲೆಯ ಗೋಡೆ ದಾಟಬೇಕಾದರೆ ಮೊದಲು ಬೇಕಾದದ್ದು ಇದೇ.

ಶಿಕ್ಷಕರೇ ಸಾಮಗ್ರಿ ಮಾಡಿಕೊಳ್ಳಲಿ ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ ಸಮಯದ್ದು. ಬಿಸಿಯೂಟದ ಲೆಕ್ಕ, ಮಕ್ಕಳ ದಾಖಲೆಯ ‘ಸ್ಯಾಟ್ಸ್’ ತಂತ್ರಾಂಶದಲ್ಲಿ ಮಾಹಿತಿ ತುಂಬುವುದು, ಚುನಾವಣೆ, ಗಣತಿ ಇವುಗಳ ನಡುವೆ ಪಾಠಸಾಮಗ್ರಿ ಮಾಡುತ್ತಾ ಕೂರಲು ಬಿಡುವೆಲ್ಲಿ? ಇದು ನಿಜವಾದ ಕಷ್ಟ, ಶಿಕ್ಷಕರ ಸೋಮಾರಿತನದ ನೆಪವಲ್ಲ. ಆದರೆ ಇದರಿಂದ ಹೊರಡಬೇಕಾದ ತೀರ್ಮಾನ ಶಿಕ್ಷಕರಿಗೆ ಸಿದ್ಧವಾದದ್ದನ್ನೇ ಕೊಡಿ ಎಂಬುದಲ್ಲ, ಅವರಿಗೆ ಸಮಯ ಕೊಡಿ ಎಂಬುದು. ಎರಡನೆಯ ಆಕ್ಷೇಪ ಗುಣಮಟ್ಟದ್ದು. ಕೇಂದ್ರದ ‘ದೀಕ್ಷಾ’ ವೇದಿಕೆ 2017ರಲ್ಲಿ ಬಂದ ಮೇಲೆ ಪಠ್ಯಪುಸ್ತಕದ ಕ್ಯುಆರ್ ಕೋಡಿಗೆ ಫೋನ್ ಹಿಡಿದರೆ ತಜ್ಞರು ನೋಡಿ ಒಪ್ಪಿದ ಸಾಮಗ್ರಿ ಸಿಗುವಾಗ, ತಪ್ಪುಗಳಿರಬಹುದಾದ, ಶಿಕ್ಷಕರೇ ಮಾಡಿದ ಸಾಮಗ್ರಿ ಏಕೆ ಎಂದು ಕೇಳುತ್ತಾರೆ. ಕ್ಯುಆರ್ ಕೋಡಿನ ಉಪಯೋಗವನ್ನು ಅಲ್ಲಗಳೆಯಲಾಗದು, ಒಬ್ಬರೇ ಶಿಕ್ಷಕರಿರುವ ಶಾಲೆಗೆ ಅದು ಊರುಗೋಲು. ಆದರೆ ಎಲ್ಲ ಶಾಲೆಗೂ ಒಂದೇ ಅಳತೆಯಲ್ಲಿ ಹೊಲಿದ ಬಟ್ಟೆ ಅದು. ರಾಯಚೂರಿನ ಮಗುವಿಗೂ ಕೊಡಗಿನ ಮಗುವಿಗೂ ಮಳೆಯ ಪಾಠವನ್ನು ಒಂದೇ ಉದಾಹರಣೆಯಿಂದ ಹೇಳಲು ಬರುವುದಿಲ್ಲ. ಅದನ್ನು ತನ್ನ ಊರಿಗೆ ತಕ್ಕಂತೆ ಕತ್ತರಿಸಿ ಹೊಲಿಯುವ ಕೈ ಶಾಲೆಯಲ್ಲೇ ಇರಬೇಕು.

ಹಾಗೆಂದು ಮುಕ್ತ ಸಂಪನ್ಮೂಲಗಳ ಪ್ರಯತ್ನವನ್ನು ಪೂರ್ತಿ ಗೆದ್ದಿದೆ ಎಂದು ಹೊಗಳಿ ಬಿಡುವಂತಿಲ್ಲ. ಆ ಸಂಗ್ರಹದಲ್ಲಿ ಕೆಲವು ಪುಟಗಳು ತುಂಬಿ ತುಳುಕುತ್ತವೆ, ಕೆಲವುಗಳಲ್ಲಿ ಶೀರ್ಷಿಕೆಗಳಿವೆ, ಕೆಳಗೆ ಬರಹವಿಲ್ಲ. ಪಠ್ಯಪುಸ್ತಕ ಪರಿಷ್ಕರಣೆಯಾದಾಗ ಹಳೆಯ ಪುಟವನ್ನು ಹೊಸದಕ್ಕೆ ಹೊಂದಿಸಲು ಮತ್ತೆ ಅಷ್ಟೇ ದುಡಿಮೆ ಬೇಕು. ಆಸಕ್ತ ಶಿಕ್ಷಕರ ಉತ್ಸಾಹವೊಂದನ್ನೇ ನೆಚ್ಚಿಕೊಂಡ ಕೆಲಸಕ್ಕೆ ಈ ಗತಿ ತಪ್ಪದು. ಇಲ್ಲಿ ದೋಷವಿರುವುದು ಬರೆದವರಲ್ಲಿ ಅಲ್ಲ, ಬರೆಯುವುದನ್ನು ವೃತ್ತಿಯ ಭಾಗವೆಂದು ಗುರುತಿಸದ ವ್ಯವಸ್ಥೆಯಲ್ಲಿ. ಸಾಮಗ್ರಿ ಸಿದ್ಧಪಡಿಸಿದ ದಿನಗಳನ್ನು ಕರ್ತವ್ಯದ ದಿನಗಳೆಂದು ಎಣಿಸಬೇಕು. ಕ್ಲಸ್ಟರ್ ಸಭೆಯಲ್ಲಿ ಸುತ್ತೋಲೆ ಓದುವ ಹೊತ್ತಿನ ಒಂದು ಪಾಲನ್ನು ಒಬ್ಬರು ಮಾಡಿದ ಪಾಠವನ್ನು ಎಲ್ಲರೂ ಕೂಡಿ ತಿದ್ದುವುದಕ್ಕೆ ಕೊಡಬೇಕು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಪ್ರಮಾಣಪತ್ರ ಹಂಚಿ ಕೈತೊಳೆದುಕೊಳ್ಳದೆ, ತರಬೇತಿಯಾದ ಮೂರು ತಿಂಗಳಿಗೆ ಅದೇ ಶಿಕ್ಷಕರನ್ನು ಮತ್ತೆ ಕೂಡಿಸಿ ತರಗತಿಯಲ್ಲಿ ಏನಾಯಿತೆಂದು ಕೇಳಬೇಕು. ಇದ್ಯಾವುದಕ್ಕೂ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ.

ಈಗ ಎಲ್ಲಕ್ಕಿಂತ ಹೊಸ ಆಕ್ಷೇಪವೊಂದಿದೆ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದ ಮೇಲೆ ಪಾಠಯೋಜನೆಯನ್ನು ಯಂತ್ರವೇ ಅರೆಗಳಿಗೆಯಲ್ಲಿ ಬರೆದುಕೊಡುವಾಗ ಶಿಕ್ಷಕರು ಕಷ್ಟಪಟ್ಟು ಮಾಡಲು ಕಲಿಯುವುದೇಕೆ? ನನ್ನ ಉತ್ತರ: ಈಗಲೇ ಅದು ಹೆಚ್ಚು ಬೇಕು. ಯಂತ್ರ ಬರೆದ ಪಾಠ ನುಣುಪಾಗಿರುತ್ತದೆ, ತಪ್ಪಿದ್ದರೂ ಅಷ್ಟೇ ನುಣುಪಾಗಿರುತ್ತದೆ. ತನ್ನ ಕೈಯಾರೆ ಒಂದು ಪಾಠ ಕಟ್ಟಿ, ಅದು ತರಗತಿಯಲ್ಲಿ ಎಲ್ಲಿ ಮುರಿಯಿತೆಂದು ಕಂಡವರಿಗೆ ಮಾತ್ರ ಇನ್ನೊಬ್ಬರು ಕಟ್ಟಿದ್ದರ ಬಿರುಕು ಕಾಣುತ್ತದೆ. ಯುನೆಸ್ಕೊ 2023ರ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ ಎತ್ತಿದ್ದೂ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಶಾಲೆಗೆ ಬರಬೇಕು ಎಂಬ ಪ್ರಶ್ನೆಯನ್ನೇ. ಆ ಷರತ್ತು ಹಾಕುವ ಯೋಗ್ಯತೆ ತರಗತಿಯಲ್ಲಿ ನಿಂತವರಿಗೆ ಬರಬೇಕು. ಹಿಂದಿನ ಬೆಂಚಿನ ಹುಡುಗಿ ‘ಟೀಚರ್, ಇದು 181 ಬರುತ್ತೆ’ ಎಂದಾಗ ಪರದೆ ಉತ್ತರ ಕೊಡುವುದಿಲ್ಲ. ಅವಳು ಮುಖ ಮಾಡಿ ಕೇಳಿದ್ದು ಟೀಚರನ್ನು. ಆ ಹೊತ್ತಿಗೆ ಉತ್ತರಿಸಬಲ್ಲವರನ್ನು ಬೆಳೆಸುವ ತರಬೇತಿಗೆ ಮಾತ್ರ ನಮ್ಮ ಹಣ, ನಮ್ಮ ಸಮಯ ಸಲ್ಲಬೇಕು.