ವ್ಯಾನಿನ ಗಾಳಿಕಿಂಡಿ

ಗಾಜು ಏರಿಸಿ ವ್ಯಾನಿನಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರಿನ ತೇವ ಗಾಜಿಗೆ ಹತ್ತಿ ಹನಿಹನಿಯಾಗಿ ಇಳಿಯುತ್ತದೆ. ಗಾಜು ಇಳಿಸಿದರೆ ಸೊಳ್ಳೆ, ಮಳೆ. ಈ ಇಕ್ಕಟ್ಟಿಗೆ ಕ್ಯಾಂಪರ್ ವ್ಯಾನಿನವರು ಮನೆಯಲ್ಲೇ ಮಾಡಿಕೊಳ್ಳುವ ಕಿಟಕಿ ವೆಂಟ್ ನನಗೆ ಬಹಳ ಇಷ್ಟ.

ಮೊದಲು ರಟ್ಟಿನ ಅಚ್ಚು. ಬಾಗಿಲ ಚೌಕಟ್ಟಿನ ಮೇಲಂಚು ನೇರವಿರುವುದು ಅಪರೂಪ. ಕತ್ತರಿಸಿ, ಹಿಡಿದು ನೋಡಿ, ಮತ್ತೆ ಸವರಬೇಕು. ಅದೇ ಆಕಾರಕ್ಕೆ ಗಾಜಿನಷ್ಟೇ ದಪ್ಪದ, ಸುಮಾರು 4 ಮಿ.ಮೀ. ಅಕ್ರಿಲಿಕ್ ಹಾಳೆ ಕೊಯ್ದರೆ ಮೇಲಂಚು ರಬ್ಬರ್ ಸಂದಿನೊಳಗೆ ಕೂರುತ್ತದೆ, ಗಾಜು ಏರಿ ಕೆಳಗಿನಿಂದ ಒತ್ತಿ ಹಿಡಿಯುತ್ತದೆ. ವ್ಯಾನಿನ ಮೈಗೆ ಒಂದು ತೂತೂ ಇಲ್ಲ!

ನಿಜವಾದ ಜಾಣ್ಮೆ ಇರುವುದು ಈ ಹಾಳೆಯಲ್ಲಿ ಕೊರೆದ ಕಿಂಡಿಗೆ ಒಂದರ ಕೆಳಗೊಂದರಂತೆ ಅಡ್ಡಲಾಗಿ ಕೂರಿಸುವ ಪಟ್ಟಿಗಳ ಓರೆಯಲ್ಲಿ. ಪಟ್ಟಿಗಳು ಹೊರಕ್ಕೂ ಕೆಳಕ್ಕೂ ಬಾಗಿರಬೇಕು. ಮೇಲಿನ ಪಟ್ಟಿಯ ಹೊರತುದಿ ಕೆಳಗಿನದರ ಒಳತುದಿಗಿಂತ ತಗ್ಗಿನಲ್ಲಿದ್ದರೆ ಮಳೆ ಹೊರಗೇ ಜಾರಿಹೋಗುತ್ತದೆ, ಗಾಳಿ ಮಾತ್ರ ಒಳಗೆ. ಪಟ್ಟಿಗಳ ಹಿಂದೆ ಒಂದು ಸೊಳ್ಳೆಪರದೆ. ಒಳಗಿನ ಗಾಳಿಯನ್ನು ಹೊರದೂಡಲು ಕೆಲವರು 12 ವೋಲ್ಟಿನ, 120 ಮಿ.ಮೀ. ಕಂಪ್ಯೂಟರ್ ಫ್ಯಾನ್ ಕೂರಿಸುತ್ತಾರೆ. ಎರಡು ಮೂರು ವಾಟ್‌ನಲ್ಲೇ ರಾತ್ರಿಯಿಡೀ ತಿರುಗುತ್ತದೆ. ಆದರೆ ಎದುರು ಬದಿಯಲ್ಲಿ ಇನ್ನೊಂದು ವೆಂಟ್ ಇರಲೇಬೇಕು. ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಹೊರದೂಡುವುದಾದರೂ ಏನನ್ನು?