ಕಾಣದ ತೂತಿನ ಹಿರಿಮೆ

ಹುಲಿ ಚಿರತೆಗಳ ತೊಗಲಿಗೆ ಜೀವಕಳೆ ತುಂಬುತ್ತಿದ್ದ ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯನ್ನು ಮೆಚ್ಚುವವರು ಗಾಜಿನ ಕಣ್ಣು, ತೆರೆದ ಬಾಯಿಗಳನ್ನು ಹೊಗಳುತ್ತಾರೆ. ಅದರ ನಿಜವಾದ ಹಿರಿಮೆ ಇರುವುದು ಕಣ್ಣಿಗೆ ಬೀಳದ ತೂತಿನಲ್ಲಿ. ಬೇಟೆಯ ತೊಗಲು ಗುಂಡಿನ ಗಾಯ ಹೊತ್ತೇ ಬರುತ್ತದೆ. ಮೆತ್ತನೆ ಮೂತಿಯ ಗುಂಡು ಮೈಯೊಳಗೆ ಅರಳಿ ಅಲ್ಲೇ ನಿಂತರೆ ಒಂದೇ ಸಣ್ಣ ತೂತು. ಆಚೆ ಹೊರಟರೆ ತೊಗಲು ಅಗಲವಾಗಿ ಹರಿಯುತ್ತದೆ. ಗಟ್ಟಿ ಗುಂಡು ಎರಡೂ ಬದಿ ಕಿರಿದಾಗಿ ತೂರುತ್ತದೆ. ಚರೆ ತೊಗಲನ್ನು ಜರಡಿಯಾಗಿಸುತ್ತದೆ.

ಹಾಗಾದರೆ ತಕ್ಕ ಗುಂಡು ಆರಿಸಿದರೆ ಸಾಕಲ್ಲ ಎನ್ನಬಹುದು. ಸಾಲದು. ಅಮೆರಿಕದಲ್ಲಿ ಕಯೋಟಿಯೆಂಬ ತೋಳದಂಥ ಸಣ್ಣ ಪ್ರಾಣಿಯನ್ನು ತುಪ್ಪಳಕ್ಕಾಗಿ ಹೊಡೆಯುವವರು ಒಳಗೇ ಚೂರಾಗುವ ಹಗುರ ಗುಂಡನ್ನು ನೆಚ್ಚಬಹುದು. ಹುಲಿಯಂಥ ಭಾರಿ ಮೈಯಲ್ಲಿ ಅದು ಆಳಕ್ಕಿಳಿಯದೆ ಪ್ರಾಣಿಯನ್ನು ನರಳಿಸೀತು. ಗಾಯಗೊಂಡ ಹುಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗೂ ಅಪಾಯ. ತೊಗಲು ಉಳಿಸುವುದಕ್ಕಿಂತ ನೋವು ಬೇಗ ಮುಗಿಸುವುದೇ ಮೊದಲು. ಆದ್ದರಿಂದ ಗಾಯದ ಹೊಣೆ ಕೊನೆಗೆ ಬೀಳುವುದು ಕಸುಬುದಾರನ ಮೇಲೆ: ಹದ ಮಾಡಬೇಕು, ಒಳಬದಿಯಿಂದ ಹೊಲಿಯಬೇಕು, ಪಟ್ಟೆಗೆ ಪಟ್ಟೆ, ಕೂದಲಿಗೆ ಕೂದಲು ಕೂಡಿಸಬೇಕು, ಕಾಗದದ ತಿರುಳಿನ ಅಚ್ಚಿಗೆ ಹೊದಿಸಬೇಕು. ಕೊಂದದ್ದನ್ನು ಚಂದಗೊಳಿಸುವುದು ಕೊಲೆಯ ವೈಭವವಲ್ಲವೆ ಎಂಬ ಆಕ್ಷೇಪ ಹಗುರವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ತಡೆಯೊಡ್ಡಿದ್ದು ನ್ಯಾಯ. ಆ ಶತಮಾನದ ಕೊನೆಗೆ ಕಾರ್ಖಾನೆಯೂ ಮುಚ್ಚಿತು. ಆದರೆ ಬೇಟೆಗಾರನ ಹಮ್ಮನ್ನು ತಿರಸ್ಕರಿಸಲು ಕೆಲಸಗಾರನ ಜಾಣ್ಮೆಯನ್ನು ಮರೆಯಬೇಕಿಲ್ಲ. ಕೋವಿ ಹಿಡಿದವರ ಹೆಸರು ಫಲಕಗಳಲ್ಲಿ ಉಳಿದಿದೆ. ಸೂಜಿ ಹಿಡಿದ ಮೈಸೂರಿನ ಕೈಗಳಿಗೂ ನಮ್ಮ ಗೌರವ ಸಲ್ಲಬೇಕು.